ವರ್ಣಸರಣಿಯ ರೂಪಾಂತರ: ಗಣಕಯಂತ್ರದ ವ್ಯವಸ್ಥಾ ಕರೆಗಳಲ್ಲಿ ಕನ್ನಡ ಹೆಸರುಗಳ ಗತಿ

ಓಲೆಗರಿಯ ಪ್ರತಿಗಳ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸಿಡುವ ಪದ್ಧತಿ ಈಗ ಗ್ರಂಥಭಂಡಾರಗಳಿಗೆ ಹೊಸದಲ್ಲ. ಹೀಗೆ ಸಂಗ್ರಹಿಸುವಾಗ ಪ್ರತಿಯೊಂದು ಕಡತಕ್ಕೂ ಒಂದು ಹೆಸರನ್ನು ಕೊಡಬೇಕು. ಕನ್ನಡ ಗ್ರಂಥದ ಕಡತಕ್ಕೆ ಕನ್ನಡದಲ್ಲಿಯೇ ಹೆಸರಿಡುವುದು ಸಹಜ. ಆದರೆ ತೆರೆಯ ಮೇಲೆ 'ಆದಿಪುರಾಣ' ಎಂದು ಕಾಣುವ ಹೆಸರು ಯಂತ್ರದ ಒಳಗೆ ಆ ರೂಪದಲ್ಲಿ ಇರುವುದಿಲ್ಲ. ಕ್ರಮವಿಧಿಯು ಅದನ್ನು ಕಾರ್ಯಾಚರಣ ವ್ಯವಸ್ಥೆಗೆ ಒಪ್ಪಿಸುವ ಮೊದಲು, ಆ ವ್ಯವಸ್ಥೆ ಬಲ್ಲ ಸಂಖ್ಯಾರೂಪಕ್ಕೆ ತರಬೇಕಾಗುತ್ತದೆ. ಈ ರೂಪಾಂತರದಲ್ಲಿ ದೋಷವುಂಟಾದರೆ ಕಡತವು ಇದ್ದೂ ಇಲ್ಲದಂತಾಗುತ್ತದೆ. ಸೂಚಿಯಲ್ಲಿ ಹೆಸರಿರುತ್ತದೆ, ತಟ್ಟೆಯಲ್ಲಿ ಚಿತ್ರವೂ ಇರುತ್ತದೆ. ಆದರೂ ಕೇಳಿದಾಗ ಯಂತ್ರವು ಅಂತಹ ಕಡತವಿಲ್ಲವೆನ್ನುತ್ತದೆ. ಲಿಪ್ಯಂತರದಿಂದ ಪಾಠಕ್ಕೆ ಒದಗುವ ಅಪಾಯಗಳನ್ನು ಬಲ್ಲ ವಿದ್ವಾಂಸರಿಗೆ ಈ ವಿಷಯ ಅಪರಿಚಿತವೆನಿಸಲಾರದು. ಆದ್ದರಿಂದ ಅದರ ಸ್ವರೂಪವನ್ನು ಇಲ್ಲಿ ಕ್ರಮವಾಗಿ ವಿವೇಚಿಸಲಾಗಿದೆ.

1. ವ್ಯವಸ್ಥಾ ಕರೆಯ ಸ್ವರೂಪ

ಗಣಕಯಂತ್ರದಲ್ಲಿ ನಡೆಯುವ ಸಾಮಾನ್ಯ ಕ್ರಮವಿಧಿಗಳಿಗೆ ತಟ್ಟೆಯನ್ನು ನೇರವಾಗಿ ಮುಟ್ಟುವ ಅಧಿಕಾರವಿಲ್ಲ. ಆ ಅಧಿಕಾರವು ಕಾರ್ಯಾಚರಣ ವ್ಯವಸ್ಥೆಯ ಗರ್ಭಭಾಗವಾದ ಕರ್ನಲ್‌ಗೆ ಮಾತ್ರ ಇರುತ್ತದೆ. ಕಡತವನ್ನು ತೆರೆಯಬೇಕಾದ ಕ್ರಮವಿಧಿಯು ಕರ್ನಲ್‌ಗೆ ವಿಜ್ಞಾಪನೆ ಮಾಡಿಕೊಳ್ಳಬೇಕು. ಈ ವಿಜ್ಞಾಪನೆಗೆ 'ಸಿಸ್ಟಂ ಕಾಲ್', ಅಂದರೆ ವ್ಯವಸ್ಥಾ ಕರೆ ಎಂದು ಹೆಸರು. ಕಡತದ ಹೆಸರು ಈ ಕರೆಯ ಜೊತೆಯಲ್ಲಿ ಹೋಗುತ್ತದೆ. ವಾಸ್ತವವಾಗಿ ಹೋಗುವುದು ಹೆಸರಲ್ಲ, ಆ ಹೆಸರು ಸ್ಮೃತಿಯಲ್ಲಿ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ತಿಳಿಸುವ ವಿಳಾಸ. ಕರ್ನಲ್ ಆ ವಿಳಾಸದಿಂದ ಹೆಸರನ್ನು ಓದಿ, ಮೊದಲು ತನ್ನ ಸ್ವಂತ ಸ್ಮೃತಿಗೆ ನಕಲು ಮಾಡಿಕೊಂಡು, ಅನಂತರ ಆ ನಕಲನ್ನೇ ಪರಿಶೀಲಿಸಿ ಕೆಲಸ ಮಾಡುತ್ತದೆ. ಪರಿಶೀಲನೆಯಾದ ಬಳಿಕ ಕ್ರಮವಿಧಿಯು ಮೂಲವನ್ನು ತಿದ್ದಿದರೂ ಬಾಧೆಯಾಗಬಾರದೆಂಬುದೇ ಇದರ ಉದ್ದೇಶ.

ಈ ನಕಲಿನಲ್ಲಿ ಅರ್ಥಜ್ಞಾನಕ್ಕೆ ಅವಕಾಶವಿಲ್ಲ. ಭಾಷೆಯನ್ನು ಅರಿಯದ ಲಿಪಿಕಾರನು ಕಂಡ ರೇಖೆಗಳನ್ನು ಕಂಡಂತೆ ಬರೆಯುವ ಹಾಗೆ, ಕರ್ನಲ್ ಸಂಖ್ಯೆಗಳನ್ನು ಸಂಖ್ಯೆಗಳಾಗಿಯೇ ತೆಗೆದುಕೊಳ್ಳುತ್ತದೆ. ಹೀಗಾಗಿ ಸರಿಯಾದ ಸಂಖ್ಯೆಗಳನ್ನು ಒದಗಿಸುವ ಹೊಣೆ ಕರೆಯುವ ಕ್ರಮವಿಧಿಯದೇ ಆಗಿದೆ.

2. ಒಂದೇ ಹೆಸರಿಗೆ ನಾಲ್ಕು ಗಣನೆ

ವರ್ಣಗಳ ಸರಣಿಯನ್ನು ಗಣಕಶಾಸ್ತ್ರದಲ್ಲಿ 'ಸ್ಟ್ರಿಂಗ್' ಎನ್ನುತ್ತಾರೆ. ಇಲ್ಲಿ ಅದನ್ನು ವರ್ಣಸರಣಿ ಎಂದು ವ್ಯವಹರಿಸಿದೆ. 'ಆದಿಪುರಾಣ' ಎಂಬ ವರ್ಣಸರಣಿಯ ಉದ್ದವೆಷ್ಟು ಎಂದು ಕೇಳಿದರೆ ನಾಲ್ಕು ಉತ್ತರಗಳು ಸಾಧ್ಯ, ನಾಲ್ಕೂ ಸರಿಯೇ.

ಓದುಗನ ದೃಷ್ಟಿಯಲ್ಲಿ ಇಲ್ಲಿರುವ ಅಕ್ಷರಗಳು 5: ಆ, ದಿ, ಪು, ರಾ, ಣ. ಆದರೆ ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನಕ್ಕೂ ಅದಕ್ಕೆ ಹತ್ತುವ ಸ್ವರಚಿಹ್ನೆಗೂ ಬೇರೆ ಬೇರೆ ಸಂಕೇತಸಂಖ್ಯೆಗಳಿವೆ. 'ದಿ' ಎಂಬುದು ದ ಮತ್ತು ಗುಡಿಸುಗಳೆಂಬ ಎರಡು ಸಂಕೇತಗಳಾಗುತ್ತದೆ. ಹೀಗೆ ಬಿಡಿಸಿದಾಗ ಸಂಕೇತಗಳು 8. ಇದೇ ಹೆಸರನ್ನು ಯುಟಿಎಫ್-16 ಎಂಬ ಕ್ರಮದಲ್ಲಿ ಬರೆದರೆ ಸಂಕೇತವೊಂದಕ್ಕೆ 2 ಬೈಟುಗಳಂತೆ 16 ಬೈಟುಗಳೂ, ಯುಟಿಎಫ್-8 ಎಂಬ ಕ್ರಮದಲ್ಲಿ ಬರೆದರೆ ಸಂಕೇತವೊಂದಕ್ಕೆ 3 ಬೈಟುಗಳಂತೆ 24 ಬೈಟುಗಳೂ ಬೇಕಾಗುತ್ತವೆ.

1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು 3200ರಿಂದ 3327ರ ವರೆಗೆ ಇವೆ. 'ಆ' ಎಂಬ ಸ್ವರದ ಸಂಖ್ಯೆ 3206. ಒಂದು ಬೈಟಿನಲ್ಲಿ 0ಯಿಂದ 255ರ ವರೆಗಿನ ಸಂಖ್ಯೆ ಮಾತ್ರ ಹಿಡಿಯುವುದರಿಂದ 3206ನ್ನು ಒಡೆದು ಬರೆಯಬೇಕು. ಯುಟಿಎಫ್-16ರಲ್ಲಿ ಅದು 12 ಮತ್ತು 134 ಎಂದು ಒಡೆಯುತ್ತದೆ; 12ನ್ನು 256ರಿಂದ ಗುಣಿಸಿ 134ನ್ನು ಕೂಡಿದರೆ 3206 ಬರುತ್ತದೆ. ಯುಟಿಎಫ್-8ರಲ್ಲಿ ಅದೇ ಸಂಖ್ಯೆ 224, 178, 134 ಎಂಬ ಮೂರು ಬೈಟುಗಳಾಗುತ್ತದೆ. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಗೊತ್ತುಪಡಿಸಿದ ಇಸ್ಕಿ ಪದ್ಧತಿಯಲ್ಲಾದರೋ ಸಂಕೇತವೊಂದಕ್ಕೆ ಒಂದೇ ಬೈಟು ಸಾಕಾಗುತ್ತಿತ್ತು.

ಸಂಕೇತವೊಂದಕ್ಕೆ ಯಾವಾಗಲೂ ಇಷ್ಟೇ ಬೈಟುಗಳೆಂದು ಸೂತ್ರ ಹೇಳಲು ಬರುವುದಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. 2010ರಲ್ಲಿ ಯೂನಿಕೋಡಿಗೆ ಸೇರಿದ ಬ್ರಾಹ್ಮೀ ಲಿಪಿಯ ಸಂಕೇತಗಳೂ 2014ರಲ್ಲಿ ಸೇರಿದ ಗ್ರಂಥಲಿಪಿಯ ಸಂಕೇತಗಳೂ 65535ನ್ನು ಮೀರಿದ ಸ್ಥಾನಗಳಲ್ಲಿವೆ. ಅವುಗಳಿಗೆ ಎರಡು ಕ್ರಮಗಳಲ್ಲಿಯೂ ತಲಾ 4 ಬೈಟುಗಳು ಬೇಕು. ಕನ್ನಡದ ಲೆಕ್ಕವನ್ನೇ ಅನ್ವಯಿಸಿದ ಕ್ರಮವಿಧಿಯು ಬ್ರಾಹ್ಮೀ ಹೆಸರಿನಲ್ಲಿ ಎಡವುತ್ತದೆ.

3. ಅಂತ್ಯವನ್ನು ತಿಳಿಯುವ ಎರಡು ಮಾರ್ಗಗಳು

ಹೆಸರಿನ ಆರಂಭವು ವಿಳಾಸದಿಂದ ತಿಳಿಯುತ್ತದೆ. ಅಂತ್ಯವು ಹೇಗೆ ತಿಳಿಯಬೇಕು? ಇದಕ್ಕೆ ಎರಡು ಮಾರ್ಗಗಳಿವೆ. ಲಿಪಿಕಾರರ ಪರಂಪರೆಯಲ್ಲಿ ಈ ಎರಡಕ್ಕೂ ಸಾದೃಶ್ಯವಿದೆ. ಗ್ರಂಥದ ಕೊನೆಯಲ್ಲಿ ಸಮಾಪ್ತಿಸೂಚಕವನ್ನು ಬರೆಯುವುದು ಒಂದು ಬಗೆ. 32 ಅಕ್ಷರಗಳಿಗೆ ಒಂದು ಗ್ರಂಥವೆಂಬ ಮಾನದಿಂದ ಇಡೀ ಕೃತಿಯ ಪರಿಮಾಣವನ್ನು ಎಣಿಸಿ ಗ್ರಂಥಾಗ್ರವನ್ನು ನಮೂದಿಸುವುದು ಮತ್ತೊಂದು ಬಗೆ. ಮೊದಲನೆಯದರಲ್ಲಿ ಚಿಹ್ನೆ ಕಂಡಲ್ಲಿ ಓದುಗನು ನಿಲ್ಲುತ್ತಾನೆ. ಎರಡನೆಯದರಲ್ಲಿ ಎಣಿಕೆ ತುಂಬಿತೇ ಎಂದು ನೋಡುತ್ತಾನೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯೂ, ಅದರೊಡನೆ ಬೆಳೆದ ಸಿ ಭಾಷೆಯೂ ಮೊದಲನೆಯ ಮಾರ್ಗವನ್ನು ಹಿಡಿದಿವೆ. ಅಲ್ಲಿ ವರ್ಣಸರಣಿಯ ಕೊನೆಗೆ ಸೊನ್ನೆ ಎಂಬ ಬೆಲೆಯ ಬೈಟನ್ನು ಇಡುತ್ತಾರೆ. ಆದ್ದರಿಂದ 'ಆದಿಪುರಾಣ'ಕ್ಕೆ ಸ್ಮೃತಿಯಲ್ಲಿ 24 ಅಲ್ಲ, 25 ಬೈಟುಗಳ ಸ್ಥಳ ಬೇಕು. ಕೊನೆಯ ಒಂದು ಬೈಟಿಗೆ ಸ್ಥಳವಿಡದೆ ಮರೆತರೆ, ಕರ್ನಲ್ ಅಂತ್ಯಚಿಹ್ನೆಯನ್ನು ಕಾಣದೆ ಮುಂದಿನ ಸ್ಮೃತಿಯಲ್ಲಿರುವ ಅಸಂಬದ್ಧ ಸಂಖ್ಯೆಗಳನ್ನೂ ಹೆಸರಿನ ಭಾಗವೆಂದೇ ಓದಿಕೊಂಡು ಹೋಗುತ್ತದೆ.

ಇದಕ್ಕೆ ವಿಪರೀತವಾದ ದೋಷವೂ ಉಂಟು. ಪೈಥಾನ್, ಜಾವಾ ಮುಂತಾದ ಭಾಷೆಗಳಲ್ಲಿ ವರ್ಣಸರಣಿಯ ಉದ್ದವನ್ನು ಪ್ರತ್ಯೇಕವಾಗಿ ನೆನಪಿಟ್ಟಿರುತ್ತಾರೆ. ಅಲ್ಲಿ ಸರಣಿಯ ನಡುವೆಯೂ ಸೊನ್ನೆ ಇರಬಹುದು. ಅಂತಹ ಸರಣಿಯನ್ನು ಹಾಗೆಯೇ ಕರ್ನಲ್‌ಗೆ ಒಪ್ಪಿಸಿದರೆ ಹೆಸರು ಆ ಸೊನ್ನೆಯಲ್ಲಿಯೇ ಮುಗಿಯುತ್ತದೆ. ಕ್ರಮವಿಧಿ ಪರೀಕ್ಷಿಸಿದ ಹೆಸರೊಂದು, ಕರ್ನಲ್ ತೆರೆಯುವ ಕಡತವೊಂದು ಎಂದಾಗುತ್ತದೆ. ಪಿಎಚ್‌ಪಿ ಭಾಷೆಯಲ್ಲಿ ದುರುದ್ದೇಶದವರು ಬಹುಕಾಲ ಬಳಸಿಕೊಂಡ ಈ ಬಿರುಕನ್ನು 2010ರ 5.3.4ನೆಯ ಆವೃತ್ತಿಯಲ್ಲಿ ಮುಚ್ಚಲಾಯಿತು. ಪೈಥಾನ್ ಮತ್ತು ರಸ್ಟ್ ಭಾಷೆಗಳಲ್ಲಿ ನಡುವೆ ಸೊನ್ನೆಯಿರುವ ಸರಣಿಯನ್ನು ಕಡತದ ಹೆಸರಾಗಿ ಕೊಟ್ಟರೆ ಅದು ಗಡಿಯಲ್ಲಿಯೇ ದೋಷವೆಂದು ತಿರಸ್ಕೃತವಾಗುತ್ತದೆ.

4. ಯೂನಿಕ್ಸ್ ಪರಂಪರೆ

ಯೂನಿಕ್ಸ್ ಪರಂಪರೆಗೆ ಸೇರಿದ ಲಿನಕ್ಸ್ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ ನಿಷಿದ್ಧವಾದ ಬೈಟುಗಳು ಎರಡೇ: ಅಂತ್ಯಸೂಚಕವಾದ 0 ಮತ್ತು ಕೋಶಗಳನ್ನು ಬೇರ್ಪಡಿಸುವ ಓರೆಗೆರೆಯ ಸಂಖ್ಯೆಯಾದ 47. ಉಳಿದ ಬೈಟುಗಳ ಅರ್ಥವನ್ನು ಕರ್ನಲ್ ಸಾಮಾನ್ಯವಾಗಿ ವಿಚಾರಿಸುವುದಿಲ್ಲ.

ಯುಟಿಎಫ್-16 ಕ್ರಮದ ಹೆಸರನ್ನು ಇಲ್ಲಿ ಏಕೆ ಕೊಡಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆ ಕ್ರಮದಲ್ಲಿ ರೋಮನ್ ಅಕ್ಷರ, ಅಂಕೆ, ಚುಕ್ಕೆ, ತೆರಪುಗಳಿಗೆಲ್ಲ ಎರಡು ಬೈಟುಗಳಲ್ಲಿ ಒಂದು ಸೊನ್ನೆಯಾಗಿರುತ್ತದೆ. ಕನ್ನಡ ಹೆಸರಿನ ಮುಂದೆ ಚಿತ್ರದ ಪ್ರಕಾರವನ್ನು ಸೂಚಿಸಲು ಹಾಕುವ ಚುಕ್ಕೆ ಬಂದೊಡನೆಯೇ ಹೆಸರು ಅಲ್ಲಿಗೆ ಕಡಿದುಹೋಗುತ್ತದೆ. ನೆರೆಯ ತೆಲುಗಿನ ಸ್ಥಿತಿ ಇನ್ನೂ ವಿಚಿತ್ರವಾದುದು. ತೆಲುಗಿನ ಯಕಾರದ ಸಂಖ್ಯೆ 3119. ಅದನ್ನು ಒಡೆದರೆ 12 ಮತ್ತು 47. ಈ 47ನ್ನು ಕರ್ನಲ್ ಓರೆಗೆರೆಯೆಂದೇ ಗ್ರಹಿಸಿ, ಯಕಾರವಿದ್ದ ಎಡೆಯಲ್ಲಿ ಹೆಸರನ್ನು ಎರಡು ಕೋಶಗಳಾಗಿ ಸೀಳುತ್ತದೆ. ಕನ್ನಡದ ಯಕಾರ 12 ಮತ್ತು 175 ಎಂದು ಒಡೆಯುವುದರಿಂದ ಈ ಅಪಾಯದಿಂದ ಪಾರಾಗಿದೆ. ಆದರೆ ಅದು ಸ್ಥಾನವಶದಿಂದ ಒದಗಿದ ರಕ್ಷಣೆಯೇ ಹೊರತು ಪದ್ಧತಿಯ ಗುಣವಲ್ಲ.

ಪದ್ಧತಿಯ ಗುಣದಿಂದಲೇ ರಕ್ಷಣೆ ದೊರೆಯುವುದು ಯುಟಿಎಫ್-8ರಲ್ಲಿ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇದನ್ನು ರಚಿಸಿದಾಗ ಕಡತಗಳ ಹೆಸರಿನ ಸುರಕ್ಷತೆಯೇ ಒಂದು ಮುಖ್ಯ ಉದ್ದೇಶವಾಗಿತ್ತು. ರೋಮನ್ ಅಕ್ಷರಗಳು ಮೊದಲಿನ ಒಂದೊಂದೇ ಬೈಟಿನಲ್ಲಿ ಉಳಿದವು. ಉಳಿದೆಲ್ಲ ಲಿಪಿಗಳ ಸಂಕೇತಗಳನ್ನು 128 ಅಥವಾ ಅದಕ್ಕಿಂತ ದೊಡ್ಡ ಬೈಟುಗಳಿಂದಲೇ ಕಟ್ಟಲಾಯಿತು. ಆದುದರಿಂದ ಯಾವ ಕನ್ನಡ ಅಥವಾ ತೆಲುಗು ಸಂಕೇತದ ಒಳಗೂ 0 ಆಗಲಿ 47 ಆಗಲಿ ಸುಳಿಯಲಾರದು. ಲಿಪಿಯನ್ನೇ ಅರಿಯದ ಕರ್ನಲ್ ಎಲ್ಲ ಲಿಪಿಗಳ ಹೆಸರನ್ನೂ ಕೆಡದಂತೆ ಕಾಪಾಡಿಕೊಂಡು ಬರುವುದು ಈ ರಚನೆಯ ಬಲದಿಂದ.

ಆದರೆ ಉದ್ದದ ಮಿತಿಯೊಂದಿದೆ. ಲಿನಕ್ಸಿನಲ್ಲಿ ಬಳಕೆಯಲ್ಲಿರುವ ಎಕ್ಸ್ಟ್-4 ಮೊದಲಾದ ಸಂಗ್ರಹಪದ್ಧತಿಗಳಲ್ಲಿ ಒಂದು ಹೆಸರಿಗೆ 255 ಬೈಟುಗಳು ಮಾತ್ರ ಸಲ್ಲುತ್ತವೆ. ರೋಮನ್ ಲಿಪಿಗೆ 255 ಅಕ್ಷರಗಳು ಹಿಡಿಯುವಲ್ಲಿ ಕನ್ನಡಕ್ಕೆ 85 ಸಂಕೇತಗಳಷ್ಟೇ ಹಿಡಿಯುತ್ತವೆ. ಗ್ರಂಥದ ಹೆಸರು, ಕರ್ತೃವಿನ ಹೆಸರು, ಭಂಡಾರ, ಗರಿಯ ಸಂಖ್ಯೆ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಪೋಣಿಸುವವರು ಈ ಮಿತಿಯನ್ನು ಬೇಗನೆ ಮುಟ್ಟುತ್ತಾರೆ. ಮಿತಿ ಮೀರಿದರೆ ಕರ್ನಲ್ ಹೆಸರು ಅತಿದೀರ್ಘವೆಂದು ತಿರಸ್ಕರಿಸುತ್ತದೆ, ತಾನಾಗಿ ಕತ್ತರಿಸುವುದಿಲ್ಲ. ಕತ್ತರಿಸುವುದು ಎಚ್ಚರವಿಲ್ಲದ ಕ್ರಮವಿಧಿ. ಹೆಸರಿನಲ್ಲಿ ಒಂದೇ ಒಂದು ರೋಮನ್ ಅಕ್ಷರ ಸೇರಿದ್ದರೂ 255ನೆಯ ಬೈಟು ಕನ್ನಡ ಸಂಕೇತವೊಂದರ ನಡುವೆ ಬಿದ್ದು, ಕೊನೆಯಲ್ಲಿ ಓದಲಾಗದ ತುಣುಕು ಉಳಿಯುತ್ತದೆ. ಸಂಕೇತದ ಗಡಿಯಲ್ಲಿಯೇ ಕತ್ತರಿಸಿದರೂ ವ್ಯಂಜನವು ತನ್ನ ಸ್ವರಚಿಹ್ನೆಯನ್ನು ಕಳೆದುಕೊಳ್ಳಬಹುದು. ಗರಿಯ ಅಂಚು ಮುರಿದು 'ಪು' ಹೋಗಿ 'ಪ' ಉಳಿದಂತೆ ಇದು.

5. ವಿಂಡೋಸ್ ಪರಂಪರೆ

1993ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿ ಎರಡನೆಯ ಮಾರ್ಗವನ್ನು ಹಿಡಿಯಿತು. ಅದರ ಕರ್ನಲ್ ಹೆಸರುಗಳನ್ನು 2 ಬೈಟುಗಳ ಏಕಕಗಳಲ್ಲಿ ಗ್ರಹಿಸುತ್ತದೆ. ಹೆಸರಿನೊಡನೆ ಅದರ ಉದ್ದವನ್ನೂ ಪ್ರತ್ಯೇಕವಾಗಿ ಪಡೆಯುತ್ತದೆ. ಈ ಉದ್ದವನ್ನು ಏಕಕಗಳಲ್ಲಿ ಅಲ್ಲ, ಬೈಟುಗಳಲ್ಲಿ ಹೇಳಬೇಕು. 'ಆದಿಪುರಾಣ'ದ ಉದ್ದ 16 ಎಂದು ನಮೂದಿಸುವ ಬದಲು, ಸಂಕೇತಗಳನ್ನು ಎಣಿಸಿ 8 ಎಂದು ನಮೂದಿಸಿದರೆ ಕರ್ನಲ್‌ಗೆ ತಲಪುವುದು 'ಆದಿಪ' ಮಾತ್ರ. ಗ್ರಂಥಾಗ್ರದ ಮಾನವನ್ನು ತಪ್ಪಾಗಿ ತಿಳಿದು ಅರ್ಧ ಗ್ರಂಥವನ್ನೇ ಸಮಗ್ರವೆಂದು ಭಾವಿಸಿದಂತೆ ಇದು.

ಸಾಮಾನ್ಯ ಕ್ರಮವಿಧಿಗಳು ಕರ್ನಲ್‌ನ್ನು ನೇರವಾಗಿ ಕರೆಯದೆ ನಡುವಿನ ಒಂದು ಪದರದ ಮೂಲಕ ಕರೆಯುತ್ತವೆ. ಅಲ್ಲಿ ಹೆಸರನ್ನು ಪಡೆಯುವ ಪ್ರತಿಯೊಂದು ಮುಖ್ಯ ಕರೆಗೂ ಎರಡು ರೂಪಗಳಿವೆ. ಒಂದರ ಹೆಸರಿನ ಕೊನೆಗೆ 'ಡಬ್ಲ್ಯು', ಇನ್ನೊಂದರ ಕೊನೆಗೆ 'ಎ' ಎಂಬ ಅಕ್ಷರವಿರುತ್ತದೆ. ಮೊದಲನೆಯದು ಯುಟಿಎಫ್-16 ಹೆಸರನ್ನು ಇದ್ದಂತೆ ಒಯ್ಯುತ್ತದೆ. ಎರಡನೆಯದು ಒಂದು ಸಂಕೇತಪುಟದ ಮೂಲಕ ಹೆಸರನ್ನು ಪರಿವರ್ತಿಸಿ ಒಯ್ಯುತ್ತದೆ. ಪಶ್ಚಿಮ ಐರೋಪ್ಯ ಭಾಷೆಗಳಿಗೆ 1252 ಎಂಬ ಸಂಕೇತಪುಟವಿದೆ. ಕನ್ನಡಕ್ಕೆ ಅಂತಹ ವ್ಯವಸ್ಥಾ ಸಂಕೇತಪುಟವೇ ಇಲ್ಲ. ಇದರಿಂದ ಎರಡು ಬಗೆಯ ಹಾನಿಗಳು ಸಂಭವಿಸುತ್ತವೆ. ಅವುಗಳ ಅಂತರವನ್ನು ಚೆನ್ನಾಗಿ ತಿಳಿಯಬೇಕು.

ಯುಟಿಎಫ್-8ರಲ್ಲಿರುವ ಹೆಸರನ್ನು 'ಎ' ರೂಪದ ಕರೆಗೆ ಕೊಟ್ಟರೆ, ವ್ಯವಸ್ಥೆಯು 224, 178, 134 ಎಂಬ ಬೈಟುಗಳನ್ನು ಒಂದು 'ಆ' ಎಂದು ತಿಳಿಯುವುದಿಲ್ಲ. ತಲೆಯ ಮೇಲೆ ಗೆರೆಯುಳ್ಳ ರೋಮನ್ ಅಕ್ಷರ, ಮೇಲಕ್ಕೆ ಬರೆದ ಸಣ್ಣ ಎರಡು, ಕಠಾರಿಯ ಆಕಾರದ ಚಿಹ್ನೆ ಎಂದು ಮೂರನ್ನು ಬರೆದುಕೊಳ್ಳುತ್ತದೆ. ಹೆಸರು ವಿಕಾರವಾಗುತ್ತದೆ, ಆದರೆ ಆದ ಪರಿವರ್ತನೆಯನ್ನು ತಿಳಿದವರು ಹಿಮ್ಮುಖವಾಗಿ ಮೂಲವನ್ನು ಪಡೆಯಬಹುದು. ಇದು ಲಿಪಿಭ್ರಮದಂತೆ. ಇನ್ನೊಂದು ಸಂದರ್ಭದಲ್ಲಿ, ತಟ್ಟೆಯಲ್ಲಿ ಸರಿಯಾಗಿಯೇ ಇರುವ ಕನ್ನಡ ಹೆಸರನ್ನು 'ಎ' ರೂಪದ ಕರೆಯಿಂದ ಕೇಳಿದರೆ, ಸಂಕೇತಪುಟದಲ್ಲಿ ಕನ್ನಡವಿಲ್ಲದ ಕಾರಣ ಪ್ರತಿಯೊಂದು ಸಂಕೇತಕ್ಕೂ ಪ್ರಶ್ನಚಿಹ್ನೆ ಬರುತ್ತದೆ. 'ಆದಿಪುರಾಣ' ಎಂಟು ಪ್ರಶ್ನಚಿಹ್ನೆಗಳಾಗುತ್ತದೆ. ಎಂಟು ಸಂಕೇತಗಳ ಬೇರಾವ ಕನ್ನಡ ಹೆಸರೂ ಅದೇ ಎಂಟು ಪ್ರಶ್ನಚಿಹ್ನೆಗಳಾಗುತ್ತದೆ. ಇದು ಗರಿಯನ್ನು ಗೆದ್ದಲು ತಿಂದಂತೆ. ಇಲ್ಲಿಂದ ಹಿಂದಿರುಗುವ ದಾರಿಯಿಲ್ಲ. ವಿಂಡೋಸಿನಲ್ಲಿ ಪ್ರಶ್ನಚಿಹ್ನೆಯು ಕಡತದ ಹೆಸರಿಗೆ ನಿಷಿದ್ಧವಾದುದರಿಂದ ಆ ರೂಪದಿಂದ ಕಡತವನ್ನು ತೆರೆಯುವುದೂ ಅಸಾಧ್ಯ. 2019ರ 1903ನೆಯ ಆವೃತ್ತಿಯಿಂದ ಈಚೆಗೆ ವಿಂಡೋಸ್ 10ರಲ್ಲಿ ಕ್ರಮವಿಧಿಯೊಂದು ತನ್ನ ಸಂಕೇತಪುಟ ಯುಟಿಎಫ್-8 ಎಂದು ಘೋಷಿಸಿಕೊಳ್ಳಬಹುದಾಗಿದೆ. ಘೋಷಿಸದ ಹಳೆಯ ಕ್ರಮವಿಧಿಗಳಿಗೆ 'ಡಬ್ಲ್ಯು' ರೂಪವೇ ಗತಿ.

ಯುಟಿಎಫ್-8ರಿಂದ ಯುಟಿಎಫ್-16ಕ್ಕೆ ಪರಿವರ್ತಿಸಲು ವಿಂಡೋಸ್ ಒದಗಿಸಿರುವ 'ಮಲ್ಟಿಬೈಟ್ ಟು ವೈಡ್‌ಚಾರ್' ಎಂಬ ಕ್ರಿಯೆಯನ್ನು ಎರಡು ಬಾರಿ ಕರೆಯುವುದು ರೂಢಿ. ಮೊದಲ ಬಾರಿ ಎಷ್ಟು ಸ್ಥಳ ಬೇಕೆಂದು ಕೇಳಿ ತಿಳಿದು, ಅಷ್ಟು ಸ್ಥಳವನ್ನು ಸಿದ್ಧಪಡಿಸಿ, ಎರಡನೆಯ ಬಾರಿ ಬರೆಯಿಸಬೇಕು. ಮೂಲದ ಉದ್ದವನ್ನು 24 ಎಂದು ಹೇಳಿ ಕೇಳಿದರೆ 8 ಎಂಬ ಉತ್ತರ ಬರುತ್ತದೆ, ಅಂತ್ಯಚಿಹ್ನೆ ಸೇರುವುದಿಲ್ಲ. ಉದ್ದದ ಸ್ಥಾನದಲ್ಲಿ ಋಣ 1 ಎಂದು ಕೊಟ್ಟರೆ ಅಂತ್ಯಚಿಹ್ನೆಯೂ ಸೇರಿ 9 ಎಂಬ ಉತ್ತರ ಬರುತ್ತದೆ. ದೋಷಯುಕ್ತ ಬೈಟುಗಳು ಬಂದರೆ ಮೌನವಾಗಿ ಮುಂದುವರಿಯದೆ ತಿಳಿಸಬೇಕೆಂಬ ನಿರ್ದೇಶವನ್ನೂ ಕೊಡಬಹುದು. ಹೆಸರುಗಳ ವಿಷಯದಲ್ಲಿ ಆ ನಿರ್ದೇಶವನ್ನು ಕೊಡುವುದೇ ಯುಕ್ತ.

6. ಕಣ್ಣಿಗೆ ಒಂದು, ಯಂತ್ರಕ್ಕೆ ಎರಡು

ಸಂಕೇತಪದ್ಧತಿ ಒಂದೇ ಆಗಿದ್ದರೂ ಪಾಠಾಂತರಗಳು ಹುಟ್ಟುವ ಎಡೆಗಳಿವೆ. 'ಗೊಮ್ಮಟಸಾರ' ಎಂಬ ಹೆಸರಿನ ಮೊದಲ ಅಕ್ಷರವನ್ನು ಪರಿಶೀಲಿಸಬಹುದು. ಇಲ್ಲಿಯ ಹ್ರಸ್ವ ಒಕಾರದ ಚಿಹ್ನೆಗೆ 3274 ಎಂಬ ಒಂದೇ ಸಂಖ್ಯೆಯಿದೆ. ಅದನ್ನೇ ಹ್ರಸ್ವ ಎಕಾರದ ಚಿಹ್ನೆ 3270 ಮತ್ತು ದೀರ್ಘ ಊಕಾರದ ಚಿಹ್ನೆ 3266 ಎಂದು ಎರಡಾಗಿ ಬಿಡಿಸಿಯೂ ಬರೆಯಬಹುದು. ಯೂನಿಕೋಡಿನ ನಿಯಮದಂತೆ ಇವೆರಡೂ ಸಮಾನ, ಕಣ್ಣಿಗೂ ಭೇದವಿಲ್ಲ. ಆದರೆ ಯುಟಿಎಫ್-8ರಲ್ಲಿ ಕೂಡಿಸಿ ಬರೆದ ಹೆಸರು 27 ಬೈಟು, ಬಿಡಿಸಿ ಬರೆದದ್ದು 30 ಬೈಟು. ಲಿನಕ್ಸಿಗೆ ಇವು ಸಾಮಾನ್ಯವಾಗಿ ಎರಡು ಬೇರೆ ಕಡತಗಳು. ವಿಂಡೋಸಿನ ಎನ್‌ಟಿಎಫ್‌ಎಸ್ ಸಂಗ್ರಹಪದ್ಧತಿಗೂ ಹಾಗೆಯೇ.

ಆಪಲ್ ಸಂಸ್ಥೆಯವರು 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಸಂಗ್ರಹಪದ್ಧತಿಯು ಹೆಸರುಗಳನ್ನು ತಾನಾಗಿಯೇ ಬಿಡಿಸಿ ಇಡುತ್ತಿತ್ತು. ಅಂತಹ ತಟ್ಟೆಯಿಂದ ಲಿನಕ್ಸಿಗೆ ಬಂದ ಕಡತವನ್ನು, ಕೀಲಿಮಣೆಯಿಂದ ಕೂಡಿಸಿದ ರೂಪದಲ್ಲಿ ಬರೆದು ಹುಡುಕಿದರೆ ಅದು ಸಿಗುವುದಿಲ್ಲ. 2017ರಲ್ಲಿ ಬಂದ ಎಪಿಎಫ್‌ಎಸ್ ಪದ್ಧತಿಯು ಹೆಸರನ್ನು ಕೊಟ್ಟಂತೆ ಇಟ್ಟುಕೊಂಡು, ಹೋಲಿಸುವಾಗ ಮಾತ್ರ ಎರಡು ರೂಪಗಳನ್ನೂ ಒಂದೆಂದು ಎಣಿಸುತ್ತದೆ. ಮೂಲಪಾಠವನ್ನು ತಿದ್ದದೆ ಸಮಾನತೆಯನ್ನು ಗುರುತಿಸುವ ಈ ಕ್ರಮ ಸಂಪಾದಕರಿಗೆ ಮೆಚ್ಚಿಗೆಯಾಗುವಂತಹದು.

ಅರ್ಕಾವೊತ್ತಿನ ವಿಷಯ ಇನ್ನೂ ಸೂಕ್ಷ್ಮ. ರೇಫವನ್ನು ಅರ್ಕಾವೊತ್ತಾಗಿ ಬರೆಯದೆ ಪೂರ್ಣ ರಕಾರವಾಗಿ ಉಳಿಸಿಕೊಳ್ಳಲು ಸರಣಿಯ ನಡುವೆ ಒಂದು ಅದೃಶ್ಯ ಸಂಕೇತವನ್ನು ಸೇರಿಸುತ್ತಾರೆ. ಯುಟಿಎಫ್-8ರಲ್ಲಿ ಇದು 3 ಬೈಟುಗಳನ್ನು ಆಕ್ರಮಿಸುತ್ತದೆ. ಮೇಲೆ ಹೇಳಿದ ಕೂಡಿಸುವ ಅಥವಾ ಬಿಡಿಸುವ ನಿಯಮಗಳಿಂದ ಇದು ಅಳಿಯುವುದಿಲ್ಲ. ಒಂದೇ ಗ್ರಂಥನಾಮವನ್ನು ಇಬ್ಬರು ಎರಡು ಬಗೆಯಾಗಿ ಬರೆದರೆ ಎರಡು ಹೆಸರುಗಳೇ ಆಗುತ್ತವೆ.

7. ನಷ್ಟವಿಲ್ಲದ ರೂಪಾಂತರ

ಹಳೆಯ ತಟ್ಟೆಗಳಲ್ಲಿ ಇಸ್ಕಿ ಮೊದಲಾದ ಪದ್ಧತಿಗಳಲ್ಲಿ ಬರೆದ ಹೆಸರುಗಳು ಉಳಿದಿರಬಹುದು. ಯುಟಿಎಫ್-8 ಎಂದು ಓದಲು ಹೋದರೆ ಅವು ನಿಯಮಕ್ಕೆ ಒಳಪಡುವುದಿಲ್ಲ. ಇಂತಹ ಬೈಟು ಕಂಡೊಡನೆ ಅದರ ಬದಲಿಗೆ ಒಂದು ಸಾಮಾನ್ಯ ಬದಲಿಚಿಹ್ನೆಯನ್ನು ಹಾಕುವ ಕ್ರಮವಿಧಿಗಳಿವೆ. ಓದಲಿಕ್ಕೆ ಅದು ಸಾಕು, ಮರಳಿ ಕರೆಯಲಿಕ್ಕೆ ಸಾಲದು. ಏಕೆಂದರೆ ಮೂಲದ ಬೈಟು ಯಾವುದೆಂಬುದು ಅಳಿದುಹೋಗಿರುತ್ತದೆ. 2009ರ ಪೈಥಾನ್ 3.1ರಲ್ಲಿ ಇದಕ್ಕೆ ಒಂದು ಪರಿಹಾರ ಬಂದಿತು. ಓದಲಾಗದ 128ರಿಂದ 255ರ ವರೆಗಿನ ಬೈಟುಗಳನ್ನು, ಬೇರಾವ ಅಕ್ಷರಕ್ಕೂ ಸೇರದ 56448ರಿಂದ 56575ರ ವರೆಗಿನ ಸಂಖ್ಯೆಗಳಾಗಿ ಇಟ್ಟುಕೊಂಡು, ಕರ್ನಲ್‌ಗೆ ಒಪ್ಪಿಸುವಾಗ ಮತ್ತೆ ಅದೇ ಬೈಟುಗಳಾಗಿ ಮಾಡಲಾಗುತ್ತದೆ. ಅರ್ಥವಾಗದ ಪಾಠವನ್ನು ಊಹೆಯಿಂದ ತಿದ್ದದೆ ಇದ್ದಂತೆಯೇ ಉಳಿಸುವ ಪಾಠಶೋಧಕರ ನಿಯಮವೇ ಇಲ್ಲಿಯೂ ಕೆಲಸ ಮಾಡಿದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಕ್ರಮವಿಧಿಕಾರರು ಪಾಲಿಸಬೇಕಾದ ಕೆಲವು ನಿಯಮಗಳು ಸಿದ್ಧವಾಗುತ್ತವೆ. ರೂಪಾಂತರವನ್ನು ನಡುನಡುವೆ ಮಾಡದೆ ಕರೆಯ ಗಡಿಯಲ್ಲಿ ಒಂದೇ ಸಲ ಮಾಡಬೇಕು. ಮೂಲದ ಸಂಕೇತಪದ್ಧತಿಯನ್ನು ಊಹಿಸದೆ ತಿಳಿದುಕೊಳ್ಳಬೇಕು. ನಡುವೆ ಸೊನ್ನೆಯಿದೆಯೇ ಎಂದು ನೋಡಬೇಕು. ಉದ್ದವನ್ನು ಯಾವ ಮಾನದಲ್ಲಿ ಕೇಳಲಾಗಿದೆಯೆಂದು ಅರಿತು, ಅಂತ್ಯಚಿಹ್ನೆಗೆ ಸ್ಥಳವಿಡಬೇಕು. ಕರೆ ಮುಗಿಯುವ ತನಕ ಆ ಸ್ಮೃತಿಯನ್ನು ಬಿಟ್ಟುಕೊಡಬಾರದು. ಕೊನೆಗೆ ಕರ್ನಲ್ ಕೊಟ್ಟ ಉತ್ತರವನ್ನು ಉಪೇಕ್ಷಿಸದೆ ಪರೀಕ್ಷಿಸಬೇಕು.

ಭಂಡಾರಗಳನ್ನು ನೋಡಿಕೊಳ್ಳುವವರಿಗೆ ಉಳಿಯುವ ಪ್ರಶ್ನೆ ಬೇರೆ. ಇಷ್ಟೆಲ್ಲ ತೊಡಕಿರುವಾಗ ಕಡತಗಳಿಗೆ ಅಂಕೆಗಳನ್ನು ಮಾತ್ರ ಕೊಟ್ಟರಾಗದೇ ಎಂದು ಕೇಳಬಹುದು. ಇಸ್ಕಿ, 1252ನೆಯ ಸಂಕೇತಪುಟ, ಯುಟಿಎಫ್-8 ಈ ಮೂರರಲ್ಲಿಯೂ 0ಯಿಂದ 9ರ ವರೆಗಿನ ಅಂಕೆಗಳಿಗೆ ಒಂದೇ ಬೈಟು ಇರುವುದರಿಂದ ಅವು ಕೆಡುವುದು ಅಪೂರ್ವ. ಆದರೆ ಸೂಚಿಯು ಚಿತ್ರಗಳಿಂದ ಬೇರ್ಪಟ್ಟ ದಿನ, ಅಂಕೆ ಮಾತ್ರವುಳ್ಳ ಕಡತಗಳು ಹೆಸರು ಬರೆಯದ ಕಟ್ಟುಗಳಾಗುತ್ತವೆ. ಆದಕಾರಣ ಮೊದಲು ಅಂಕೆ, ಅನಂತರ ಗ್ರಂಥದ ಚಿಕ್ಕ ಕನ್ನಡ ಹೆಸರು ಎಂಬ ಕ್ರಮವು ಒಳ್ಳೆಯದು. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಒಂದು ಭಂಡಾರದಲ್ಲಿ ಹೆಸರುಗಳೆಲ್ಲ ಕೂಡಿಸಿದ ರೂಪದಲ್ಲಿಯೇ ಇರಬೇಕು. ಅರ್ಕಾವೊತ್ತಿಗೆ ಒಂದೇ ಬರವಣಿಗೆಯನ್ನು ಗೊತ್ತುಪಡಿಸಬೇಕು. ಹೊಸ ಕ್ರಮವಿಧಿಯನ್ನಾಗಲಿ ಹೊಸ ತಟ್ಟೆಯನ್ನಾಗಲಿ ಒಪ್ಪಿಕೊಳ್ಳುವ ಮೊದಲು 'ಗೊಮ್ಮಟಸಾರ'ದಂತಹ ಒಂದು ಹೆಸರಿನ ಕಡತವನ್ನು ಅದರಲ್ಲಿ ಬರೆದು, ಬೇರೆ ಯಂತ್ರಕ್ಕೆ ಒಯ್ದು, ಅದೇ ಹೆಸರಿನಿಂದ ಕೇಳಿ ತೆರೆದು ನೋಡಬೇಕು. ಅರ್ಧ ಗಳಿಗೆಯ ಈ ಪರೀಕ್ಷೆಯಿಂದ, ವರ್ಷಗಳ ಶ್ರಮದಿಂದ ತೆಗೆದ ಚಿತ್ರಗಳು ಪ್ರಶ್ನಚಿಹ್ನೆಗಳ ಸಾಲಿನಲ್ಲಿ ಮುಳುಗುವುದು ತಪ್ಪುತ್ತದೆ.